ನಲವತ್ತೊಂದನೆಯ ಭರಣಿ

ಇಂಡಿ,
3 ಆಗಸ್ಟ್ 1999

ನನ್ನ ಮುದ್ದು ವಿಜಯಲಕ್ಷ್ಮಿ ಅಕ್ಕನಿಗೆ,

ನಿನ್ನ ಶೈಲಾಳ ನಮಸ್ಕಾರ, ಜೊತೆಗೆ ನೂರು ಮುತ್ತು. ಹೂವಿನ ಹಿಪ್ಪರಗಿಯಲ್ಲಿ ಮಾವ, ಮಕ್ಕಳು ಆರಾಮವೇ? ನನ್ನ ಕಾಗುಣಿತ ನೋಡಿ ನಗಬೇಡ. ಇಂಗ್ಲಿಷ್ ಶಾಲೆಯವಳು ಕನ್ನಡದಲ್ಲಿ ಇಷ್ಟು ಉದ್ದ ಬರೆಯುವುದು ಇದೇ ಮೊದಲು.

ಮದುವೆಯಾಗಿ ಎರಡೂವರೆ ತಿಂಗಳಾದರೂ ನನಗೆ ಬೆಳಿಗ್ಗೆ ಎದ್ದಕೂಡಲೇ ಇದೆಲ್ಲ ನಿಜವೇ ಅನಿಸುತ್ತದೆ. ಇವರು ಎಷ್ಟು ಒಳ್ಳೆಯವರು ಗೊತ್ತಾ? ಚಹಾಕ್ಕೆ ಉಪ್ಪು ಹಾಕಿ ಕೊಟ್ಟರೂ ಪೂರ್ತಿ ಕುಡಿದು, "ಮಸ್ತ್ ಆಗೈತಿ, ನಾಳಿಂದ ನಾನ ಮಾಡ್ತೇನಿ" ಅಂದರು. ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಈ ಮನುಷ್ಯ ನನ್ನನ್ನು ಮೊದಲ ಸಲ ತಿರುಗಾಡಲು ಕರೆದೊಯ್ದದ್ದು ಎಲ್ಲಿಗೆ ಹೇಳು? ಗೋಳಗುಮ್ಮಟಕ್ಕಲ್ಲ, ತಮ್ಮ ವಿಭಾಗದ ಮ್ಯೂಸಿಯಮ್ಮಿಗೆ.

ಗೋಡೆಯುದ್ದಕ್ಕೂ ಗಾಜಿನ ಭರಣಿಗಳು. ಹೃದಯ, ಮಿದುಳು, ಒಂದು ಕೈ. ಕೆಡದಂತೆ ತುಂಬಿದ ಫಾರ್ಮಲಿನ್ ಹಳತಾಗಿ ತುಪ್ಪದ ಬಣ್ಣಕ್ಕೆ ತಿರುಗಿದೆ. ಮುಂದಿನ ತಿಂಗಳು ತಪಾಸಣೆಯವರು ಬರುವ ಮೊದಲು ಎಲ್ಲದಕ್ಕೂ ಹೊಸ ಚೀಟಿ ಅಂಟಿಸಬೇಕು. ನನ್ನ ಇಂಗ್ಲಿಷ್ ಅಕ್ಷರ ದುಂಡಗಿದೆಯೆಂದು ಆ ಕೆಲಸ ನನಗೇ ಬಂತು. ಅಲ್ಲಿಯ ಜವಾನ ಮಶಾಕಸಾಬ ಕಾಕಾ ಕಾಲೇಜು ಹೊಸದಿದ್ದಾಗಿನಿಂದ ಆ ಭರಣಿಗಳನ್ನು ಒರೆಸುತ್ತಿದ್ದಾರೆ. "ಮುಚ್ಚಳ ತೆಗೀಬ್ಯಾಡ್ರಿ ಬಾಯಾರ, ಕಣ್ಣ ಉರೀತಾವ. ಇವ್ರೆಲ್ಲಾ ನನ್ನ ಮನಿ ಮಂದಿ ಇದ್ದಂಗ್ರಿ. ಜಗಳ ಇಲ್ಲ, ತಂಟಿ ಇಲ್ಲ" ಅಂದರು. ಮೂರು ದಿನ ನಗುತ್ತಲೇ ಬರೆದೆ.

ಅಕ್ಕಾ, ಇನ್ನು ಮುಂದಿನದನ್ನು ಕೂತುಕೊಂಡು ಓದು. ಫೋನಿನಲ್ಲಿ ಹೇಳಲು ಹೋಗಿ ಎರಡು ಸಲ ಮಾತು ತಿರುಗಿಸಿದೆ.

ನಲವತ್ತೊಂದನೆಯ ಭರಣಿಯಲ್ಲಿ ಒಂದು ಹೆಣ್ಣು ಕೂಸಿದೆ. ತಲೆಯ ಮೇಲ್ಭಾಗ ಬಲಿತಿಲ್ಲ. ಚೀಟಿ ಮಾಸಿದ್ದರಿಂದ ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. 11 ಜೂನ್ 1988. ತಾಯಿ ವಿಜಯಲಕ್ಷ್ಮಿ, ತವರು ತಾಂಬಾ.

ಆಗ ಕಾಲೇಜಿಗೆ ಮಂಜೂರಿ ಬೇಕೆಂದರೆ ಇಂತಿಷ್ಟು ಭರಣಿ ತೋರಿಸಬೇಕಿತ್ತಂತೆ. ಸುತ್ತಲಿನ ಹೆರಿಗೆ ಆಸ್ಪತ್ರೆಗಳಿಂದ ಕೇಳಿ ತಂದರಂತೆ. ಒಪ್ಪಿಗೆ ಕಾಗದವೂ ಇದೆ, ಇಂಗ್ಲಿಷಿನಲ್ಲಿ. ಕೆಳಗೆ ಅವ್ವನ ಸಹಿ. ಸಿದ್ದಲಿಂಗವ್ವ ಎಂದು ಬರೆಯುವಾಗ ಒತ್ತುಗಳನ್ನೆಲ್ಲ ಬಿಡುತ್ತಿದ್ದಳಲ್ಲ, ಹಾಗೆಯೇ.

ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದ್ದಾರೆಂದು ಅವ್ವ ನಿನಗೆ ಹೇಳಿದ್ದು ಸುಳ್ಳಲ್ಲ. ಅವಳೂ ಹಾಗೆಯೇ ನಂಬಿದ್ದಳು. ಹನ್ನೊಂದು ಪಂಚಮಿ ನೀನು ತವರಿಗೆ ಬಂದು ನಾಗಪ್ಪನಿಗೆ ಹಾಲೆರೆದು, ಉಳಿದ ಹಾಲನ್ನು ಆ ಗಿಡದ ಬುಡಕ್ಕೆ ಹಾಕಿ ಬಂದೆ. ಅಲ್ಲಿ ಏನೂ ಇಲ್ಲ ಅಕ್ಕಾ.

ಇವರು ಊಟಕ್ಕೆ ಕೂತಾಗ ಹೇಳಿದೆ. "ಏಳು ವರ್ಷ ಹುಡುಗರಿಗೆ ಅದನ್ನ ತೋರಿಸಿ ಪಾಠ ಮಾಡೇನಿ" ಎಂದು ತಾಟು ಸರಿಸಿದರು.

ನಾನು ಹೊಸ ಚೀಟಿ ಅಂಟಿಸಿದರೆ ಕೂಸು ಯಾದಿಗೆ ಸೇರಿ ಇನ್ನೆಷ್ಟೋ ವರ್ಷ ಅಲ್ಲೇ ಉಳಿಯುತ್ತದೆ. ತಪಾಸಣೆಗೆ ಮೊದಲು ತಾಯಿ ಅರ್ಜಿ ಕೊಟ್ಟರೆ ಮಣ್ಣಿಗೆ ಒಪ್ಪಿಸಲು ಪ್ರಾಂಶುಪಾಲರು ಒಪ್ಪಿದ್ದಾರೆ. ಅರ್ಜಿ ಬರೆದು ಇದರಲ್ಲೇ ಇಟ್ಟಿದ್ದೇನೆ. ಸಹಿ ಹಾಕುವುದೂ ಬಿಡುವುದೂ ನಿನ್ನದು. ಉಳಿದ ಚೀಟಿಗಳೆಲ್ಲ ಮುಗಿದಿವೆ, ಅದೊಂದು ಖಾಲಿ ಇದೆ.

ಮಶಾಕಸಾಬ ಕಾಕಾ ಆ ಭರಣಿಗೆ ಬಿಳಿ ಅರಿವೆ ಹೊದಿಸಿದ್ದಾರೆ. "ಆ ತಾಯಿ ಬರೂತನಕ ಯಾರೂ ನೋಡೂದು ಬ್ಯಾಡ್ರಿ" ಅಂದರು.

ನಿನ್ನ ದಾರಿ ಕಾಯುವ,
ಶೈಲಶ್ರೀ

ತಾ.ಕ.: ಆ ಒಪ್ಪಿಗೆ ಕಾಗದವನ್ನು ಅವ್ವನಿಗೆ ಓದಿ ಹೇಳಿದವಳು ನಾನು. ನೀನು ಒಳಗೆ ಎಚ್ಚರವಿಲ್ಲದೆ ಮಲಗಿದ್ದೆ. ನನಗೆ ಹತ್ತು ವರ್ಷ. "ನಮ್ಮ ಶೈಲಾ ಇಂಗ್ಲಿಷ್ ಸಾಲಿಗೆ ಹೋಗ್ತಾಳ್ರಿ, ಆಕಿ ಓದ್ತಾಳ" ಎಂದು ಅವ್ವ ನನ್ನನ್ನು ನರ್ಸಿನ ಮುಂದೆ ನಿಲ್ಲಿಸಿದಳು. 'ಪ್ರಿಸರ್ವ್' ಎಂಬ ಒಂದು ಶಬ್ದಕ್ಕೆ ಕಾಪಾಡುವುದು ಎಂಬ ಅರ್ಥ ಕೇಳಿದ ನೆನಪಿತ್ತು. ಉಳಿದದ್ದು ತಿಳಿಯಲಿಲ್ಲ, ತಿಳಿಯಲಿಲ್ಲ ಎನ್ನಲು ನಾಚಿಕೆಯಾಯಿತು. "ಕೂಸಿಂದ ಎಲ್ಲಾ ಜ್ವಾಪಾನ ಆಗಿ ಮಾಡ್ತಾರಂತವ್ವಾ" ಅಂದೆ. ಅವ್ವ ಕಣ್ಣೊರೆಸಿಕೊಂಡು ಸಹಿ ಹಾಕಿದಳು. ಸಾಯುವತನಕ ಆ ಆಸ್ಪತ್ರೆಯವರನ್ನು ದೇವರಂಥವರು ಎನ್ನುತ್ತಿದ್ದಳು. ಈ ಅರ್ಜಿಯನ್ನು ಕನ್ನಡದಲ್ಲಿ ಬರೆದಿದ್ದೇನೆ. ಯಾರಿಂದಲೂ ಓದಿಸಬೇಡ, ನೀನೇ ಓದು.