ಮೇಜಿನ ಈಚೆಗೆ ಇನ್ನೊಂದು ಕುರ್ಚಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಾನು ನನ್ನ ಮಗಳನ್ನು ‘ಸರಿಪಡಿಸಿ ಕಳುಹಿಸಲು ಒಪ್ಪಿರುತ್ತೇನೆ’ ಎಂದು ನಿಮ್ಮ ಕಚೇರಿಯ ಮೊಹರು ಬಿದ್ದ ಸಭಾ ನಡಾವಳಿಯಲ್ಲಿ ಬರೆದಿದೆ. ಕೆಳಗಿರುವ ಸಹಿ ನನ್ನದೇ. ಆ ಮಾತು ನನ್ನ ಬಾಯಿಂದಲೇ ಬಂದದ್ದೂ ನಿಜ. ಆದರೂ ಆ ಸಾಲನ್ನು ಹೊಡೆದುಹಾಕಿ ಎಂದು ಕೇಳಲು ಈ ಪತ್ರ. ನಿಮಗೊಬ್ಬರಿಗೇ ಬರೆಯಬಹುದಿತ್ತು. ಎರಡು ಸಲ ಬರೆದೆ, ಎರಡು ಸಲವೂ ‘ಸ್ವೀಕರಿಸಲಾಗಿದೆ’ ಎಂಬ ಚೀಟಿ ಬಂತು. ಸ್ವೀಕರಿಸುವುದರಲ್ಲಿ ನಿಮ್ಮ ಕಚೇರಿಯನ್ನು ಮೀರಿಸುವವರಿಲ್ಲ. ಅದಕ್ಕೇ ಈ ಸಲ ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಸಿದ್ಧ ಉಡುಪುಗಳನ್ನು ಬಿಚ್ಚಿ ಅಳತೆಗೆ ತರುವ ಕೆಲಸದವಳು. ಇಪ್ಪತ್ತು ವರ್ಷದಿಂದ ಅದೇ ಅಂಗಡಿ, ಅದೇ ಮಿಷನ್ನು. ಪ್ಯಾಂಟು ಉದ್ದವಾಯಿತು, ತೋಳು ಬಿಗಿಯಾಯಿತು, ಜಿಪ್ಪು ಕೈಕೊಟ್ಟಿತು ಎಂದು ಯಾರು ಯಾವ ದನಿಯಲ್ಲಿ ದೂರಿದರೂ ನನ್ನ ಬಾಯಿಗೆ ಬರುವ ಉತ್ತರ ಒಂದೇ: ‘ಸರಿ ಮಾಡಿ ಕೊಡ್ತೀನಿ.’ ತಪ್ಪು ಯಾರದೆಂದು ಗಿರಾಕಿಯೊಡನೆ ವಾದಕ್ಕಿಳಿದರೆ ಅಂಗಡಿಯ ಬಾಗಿಲು ಹಾಕಬೇಕಾಗುತ್ತದೆ.

ಮಗಳಿಗೆ ಒಂಬತ್ತು ವರ್ಷ. ಅವಳದು ಆಟಿಸಂ ಎಂದು ವೈದ್ಯರು ಬರೆದುಕೊಟ್ಟ ಕಾಗದದ ನಕಲು ನಿಮ್ಮ ಫೈಲಿನಲ್ಲಿದೆ, ಓದಿದವರು ಮಾತ್ರ ಯಾರೂ ಇದ್ದಂತಿಲ್ಲ. ಹೊಲಿಗೆಯ ಅಂಚು ಮೈಗೆ ತಾಗಿದರೆ ಅವಳಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಅದಕ್ಕೆ ಅವಳ ಸಮವಸ್ತ್ರವನ್ನು ಪೂರ್ತಿ ಬಿಚ್ಚಿ, ನಯವಾದ ಮಗ್ಗುಲು ಒಳಗೆ, ಹೊಲಿಗೆ ಹೊರಗೆ ಬರುವಂತೆ ಮತ್ತೆ ಹೊಲಿದೆ. ಅದನ್ನು ತೊಟ್ಟ ದಿನ ಅವಳು ಮೊದಲ ಬಾರಿಗೆ ಕೊನೆಯ ಪೀರಿಯಡ್ಡಿನವರೆಗೂ ತರಗತಿಯಲ್ಲಿ ಕುಳಿತಳು. ಶಾಲೆಗೆ ಕಂಡದ್ದು ತಿರುವುಮುರುವಾದ ಸಮವಸ್ತ್ರವಷ್ಟೇ. ಅಶಿಸ್ತು ಎಂದು ಟಿಪ್ಪಣಿ ಬಂತು. ಗಂಟೆ ಹೊಡೆದಾಗ ಕಿವಿ ಮುಚ್ಚಿಕೊಂಡು ಡೆಸ್ಕಿನಡಿ ಸೇರುತ್ತಾಳೆ ಎಂಬ ದೂರೂ ಅದರ ಬೆನ್ನಿಗೇ ಬಂತು. ಗಂಟೆ ಇರುವುದು ಅವಳ ತರಗತಿಯ ಬಾಗಿಲ ಮೇಲೆಯೇ. ಹಜಾರದ ಆ ತುದಿಯ ಕೋಣೆಗೆ ಬದಲಿಸಿಕೊಡಿ ಎಂದಷ್ಟೇ ಕೇಳಿದ್ದೆ. ಉತ್ತರವಾಗಿ ಸಭೆ ಕರೆದರು.

ಮೇಜಿನ ಆಚೆ ಆರು ಕುರ್ಚಿಗಳಿದ್ದವು. ಮುಖ್ಯೋಪಾಧ್ಯಾಯಿನಿ, ತರಗತಿಯ ಶಿಕ್ಷಕಿ, ಆಪ್ತಸಮಾಲೋಚಕರು, ಆಡಳಿತ ಮಂಡಳಿಯ ಹಿರಿಯರೊಬ್ಬರು, ನಿಮ್ಮ ಕಚೇರಿಯ ಪರಿವೀಕ್ಷಕರು, ಅವರ ಜೊತೆ ಬಂದ ಗುಮಾಸ್ತರು. ಈಚೆ ಇದ್ದದ್ದು ಒಂದೇ ಕುರ್ಚಿ. ಅವರಲ್ಲಿ ಯಾರೂ ಕೆಟ್ಟವರಲ್ಲ, ಶಿಕ್ಷಕಿಯಂತೂ ನೀರಿನ ಲೋಟವನ್ನು ನನ್ನತ್ತ ಸರಿಸಿದರು. ನಮ್ಮ ಯಜಮಾನರು ದೂರದೂರಿಗೆ ಲಾರಿ ಓಡಿಸುವವರು, ಅಂದು ಎಲ್ಲೋ ದಾರಿಯಲ್ಲಿದ್ದರು. ಶಾಲೆಯ ಗೇಟಿನವರೆಗಾದರೂ ಬಾ ಎಂದು ಅಕ್ಕನನ್ನು ಕರೆದಿದ್ದೆ. ಎರಡು ಏಟು ಬಿದ್ದರೆ ಹುಡುಗಿ ತಾನಾಗಿ ದಾರಿಗೆ ಬರುತ್ತಾಳೆ ಎನ್ನುವವಳು ಅವಳು, ಬರದಿದ್ದದ್ದೇ ಒಳ್ಳೆಯದಾಯಿತು. ಆರೂ ಜನ ಸರದಿಯಂತೆ ಹೇಳುತ್ತ ಹೋದರು: ಬರೆಯುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ, ಸಾಲಿನಲ್ಲಿ ನಿಲ್ಲುವುದಿಲ್ಲ. ಕೇಳುತ್ತ ಕೇಳುತ್ತ ನನ್ನ ಕೈ ಕೊರಳಲ್ಲಿಲ್ಲದ ಅಳತೆಯ ಟೇಪನ್ನು ಹುಡುಕುತ್ತಿತ್ತು. ಕೊನೆಗೆ ಎಲ್ಲರೂ ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ‘ಸರಿ ಮಾಡಿ ಕೊಡ್ತೀನಿ’ ಎಂದುಬಿಟ್ಟೆ. ಗುಮಾಸ್ತರು ಬರೆದುಕೊಂಡರು. ಅಲ್ಲಿಯವರೆಗೆ ಮಗುವಿಗೆ ಅರ್ಧ ದಿನದ ಶಾಲೆ ಸಾಕು ಎಂದು ತೀರ್ಮಾನವಾಯಿತು. ಸಹಿ ಹಾಕುವ ಮುಂಚೆ ಯಾರಾದರೂ ಮೊಣಕೈ ತಿವಿದು ‘ತಡಿ, ಇನ್ನೊಂದ್ಸಲ ಓದು’ ಅಂದಿದ್ದರೆ ಸಾಕಿತ್ತು, ಮಾನ್ಯರೇ. ಜನ ತುಂಬಿದ ಕೋಣೆಯಲ್ಲಿ ನಾನು ಎಂದೂ ಅಷ್ಟು ಒಂಟಿಯಾಗಿ ಕೂತಿರಲಿಲ್ಲ.

ಮೂರು ವಾರದ ಮೇಲೆ ಅದೇ ಗುಮಾಸ್ತರು ಪ್ಯಾಂಟು ಗಿಡ್ಡ ಮಾಡಿಸಲು ನನ್ನ ಅಂಗಡಿಗೆ ಬಂದರು. ನಾನು ಮಂಡಿಯೂರಿ ಅಂಚಿಗೆ ಪಿನ್ನು ಚುಚ್ಚುತ್ತಿದ್ದಾಗ ಸಂಕೋಚದಿಂದ ಹೇಳಿದರು: ‘ಅಲ್ಲಮ್ಮಾ, ಜೊತೆಗೆ ಒಬ್ಬರನ್ನ ಕರ್ಕೊಂಡು ಬರಬಹುದಿತ್ತಲ್ಲ ನೀವು. ಸುತ್ತೋಲೆ ಇದೆ.’ ಎಲ್ಲಿದೆ ಎಂದೆ. ಫೈಲಿನಲ್ಲಿ ಎಂದರು. ಪಾಲಕರಿಗೆ ಯಾಕೆ ಹೇಳುವುದಿಲ್ಲ ಎಂದೆ. ಕೇಳಿದವರಿಗೆ ಹೇಳುತ್ತೇವೆ ಎಂದರು. ಇದೆ ಎಂಬುದೇ ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ? ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಮಗಳ ಬಾಯಿ ಗಂಟೆಯ ಸದ್ದಿಗೆ ಕಟ್ಟುತ್ತದೆ, ನನ್ನದು ಆರು ಕುರ್ಚಿಗಳ ಮುಂದೆ ಕಟ್ಟಿತು. ನಮ್ಮಂಥವರಿಗೆಂದೇ ಹೊರಡಿಸಿದ ಸುತ್ತೋಲೆಯನ್ನು ನಮ್ಮಿಂದಲೇ ಇಷ್ಟು ಜೋಪಾನವಾಗಿ ಕಾಪಾಡಿದ್ದಕ್ಕೆ ನಿಮ್ಮನ್ನು ಅಭಿನಂದಿಸಬೇಕೇ?

ಈಗ ಮಗಳು ಮಧ್ಯಾಹ್ನಕ್ಕೇ ಅಂಗಡಿಗೆ ಬರುತ್ತಾಳೆ. ಮೇಜಿನ ಕೆಳಗೆ ಗುಂಡಿಗಳ ಡಬ್ಬಿ ಇಟ್ಟುಕೊಂಡು ಕೂರುತ್ತಾಳೆ, ಕೈಗೆ ಸಿಕ್ಕ ಕಾಗದವನ್ನೆಲ್ಲ ಓದುತ್ತಾಳೆ. ಒಂದು ದಿನ ನಡಾವಳಿಯ ಪ್ರತಿ ಸಿಕ್ಕಿತು. ಓದಿ, ಇದ್ದ ಹಾಗೇ ಮಡಿಸಿಟ್ಟು, ಗಿರಾಕಿಗಳು ಕೇಳುವ ಧಾಟಿಯಲ್ಲೇ ಕೇಳಿದಳು:

‘ಅಮ್ಮಾ, ನಾನು ಯಾವತ್ತಿಗೆ ರೆಡಿ ಆಗ್ತೀನಿ?’

ನಾನು ಮಿಷನ್ನು ನಿಲ್ಲಿಸಿದೆ. ಅಷ್ಟರಲ್ಲಿ ಯಾರೋ ಒಳಗೆ ಬಂದರು, ಅವರ ಅಳತೆ ತೆಗೆಯಲು ಎದ್ದೆ. ಆ ಪ್ರಶ್ನೆಯನ್ನು ಈಗ ನಿಮಗೆ ದಾಟಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಅಂಗಿ ಬಿಚ್ಚಿದ್ದೇನೆ, ಬಿಗಿಯಾಯಿತೆಂದು ಯಾರ ತೋಳನ್ನೂ ಕೆತ್ತಿಲ್ಲ. ಓದಿಕೊಂಡವರಿಗೆ ಇದನ್ನು ಹೊಲಿಗೆಯವಳು ಹೇಳಬೇಕೇ?

ಮುಂದಿನ ಮಂಗಳವಾರ ಮರುಪರಿಶೀಲನೆಯ ಸಭೆಯಿದೆ. ಅಂದು ಆ ಸಾಲನ್ನು ಹೊಡೆದುಹಾಕಿ, ಮಗಳಿಗೆ ಪೂರ್ತಿ ದಿನದ ಶಾಲೆಯನ್ನೂ ತುದಿಯ ಕೋಣೆಯನ್ನೂ ಕೊಡಿಸಿ. ಜೊತೆಗೊಬ್ಬರನ್ನು ಕರೆತರಬಹುದು ಎಂಬುದನ್ನು ಇನ್ನು ಮುಂದೆ ಪಾಲಕರಿಗೆ ಕಳಿಸುವ ಪ್ರತಿ ನೋಟಿಸಿನ ಮೊದಲ ಸಾಲಿನಲ್ಲೇ ಅಚ್ಚು ಹಾಕಿಸಿ. ಕರೆತರಲು ಯಾರೂ ಇಲ್ಲದವರಿಗೆ ವಿಷಯ ಬಲ್ಲ ಒಬ್ಬರನ್ನು ನೀವೇ ಒದಗಿಸಿ. ಯಾರೂ ಇಲ್ಲದವರು ಇರುತ್ತಾರೆ, ಮಾನ್ಯರೇ. ಶಾಲೆಯ ಗೇಟಿನ ಬಳಿ ಇಬ್ಬರು ತಾಯಂದಿರನ್ನು ಕೇಳಿ ನೋಡಿದೆ. ಒಬ್ಬರಿಗೆ ಅಂದು ಕೆಲಸವಂತೆ. ಇನ್ನೊಬ್ಬರಿಗೆ ತಮ್ಮ ಮಗುವಿನ ಮೇಲೆ ಶಾಲೆಯ ಕಣ್ಣು ಬಿದ್ದೀತೆಂಬ ಹೆದರಿಕೆ. ಅವರ ಜಾಗದಲ್ಲಿದ್ದರೆ ನಾನೂ ಹೆದರುತ್ತಿದ್ದೆನೇನೋ.

ಹಾಗಾಗಿ ಮಂಗಳವಾರ ಅಂಗಡಿಯ ಸ್ಟೂಲನ್ನು ನಾನೇ ಹೊತ್ತು ತಂದು ಪಕ್ಕದಲ್ಲಿ ಹಾಕಿಕೊಳ್ಳುತ್ತೇನೆ. ಇದನ್ನು ಓದಿದ ಯಾರಾದರೂ ಬಂದು ಕೂರಬಹುದು. ಯಾರೂ ಬರದಿದ್ದರೆ, ನಿಮ್ಮ ಗುಮಾಸ್ತರಿಗೆ ಹೇಳಿ, ಅದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಲಿ: ತಾಯಿಯ ಪಕ್ಕದ ಆಸನ ಖಾಲಿ ಇರುತ್ತದೆ.

ಇಂತಿ,
ಬಟ್ಟೆಯನ್ನಷ್ಟೇ ಸರಿ ಮಾಡಲು ಬಲ್ಲ
ಒಬ್ಬ ತಾಯಿ