ಹಂಡೆಯೊಲೆಗೆ ಹೋದ ಹರಳುಕಡ್ಡಿ

ನನ್ನ ಅತ್ತೆಗೆ,

ಶಾಲೆ ಬಿಟ್ಟು ಐಮಂಗಲದ ನಿನ್ನ ಮನೆಗೆ ಬಂದ ದಿನ, ಯಾಕೆ ಬಿಟ್ಟೆ ಎಂದು ಕೇಳದವಳು ನೀನೊಬ್ಬಳೇ. ಹಿತ್ತಲಿಗೆ ಕರೆದೊಯ್ದು ಸೂರಿನಡಿ ಕಟ್ಟಿದ್ದ ಹರಳುಗಿಡದ ಒಣಕಡ್ಡಿಗಳ ಕಂತೆ ತೋರಿಸಿದೆ. ಜೇನಿನಂಥದೊಂದು ಹುಳ ಬಚ್ಚಲ ಹಸಿಮಣ್ಣು ತಂದು ಟೊಳ್ಳು ಕಡ್ಡಿಯ ಬಾಯಿಗೆ ಮೆತ್ತುತ್ತಿತ್ತು. “ಗಾರೆಹುಳ ಕಣಲೇ. ಒಳಗೆ ಮೊಟ್ಟೆ ಇಟ್ಟೈತೆ. ಇದು ಜೇನುತುಪ್ಪ ಕೊಡಲ್ಲ, ಆದ್ರೆ ತೊಗರಿ ಕಾಯಿ ಕಚ್ಚಬೇಕಂದ್ರೆ ಇದೇ ಬರಬೇಕು,” ಅಂದೆ.

ಮಾವ ಬೀಡಿ ಹಚ್ಚುತ್ತಾ ರೇಗಿಸುತ್ತಿದ್ದುದು ನೆನಪಿದೆಯೆ? “ನಿಮ್ಮತ್ತೆ ಹುಳಕ್ಕೆ ಬಾಣಂತನ ಮಾಡ್ತಾಳೆ ಕಣಪ್ಪ. ನೀನು ಸೂಲಗಿತ್ತಿ.”

“ನಿಮಗೆ ಎತ್ತು ಬಿಟ್ರೆ ಬೇರೇನು ಕಾಣತೈತೆ, ಸುಮ್ನಿರ್ರಿ,” ಎಂದು ನೀನು ಅಂತಿದ್ದೆ. ನಗುತ್ತಲೇ ಅಂತಿದ್ದೆ. ಆದರೆ ಅವರು ಒಮ್ಮೆಯೂ ಹತ್ತಿರ ಬಂದು ನೋಡಲಿಲ್ಲವೆಂಬ ಬೇಸರ ನಿನಗಿತ್ತು.

ನೀನು ತೀರಿಕೊಂಡ ಮೇಲೆ, ಸೂತಕ ಕಳೆಯುವ ದಿನ ನಾನು ತೆಂಗಿನಕಾಯಿ ತರಲು ಹಿರಿಯೂರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಸೂರು ಬರಿದಾಗಿತ್ತು. ಎಲ್ಲರ ಸ್ನಾನಕ್ಕೆ, ಊರಿಂದ ಬಂದಿದ್ದ ಚಿಕ್ಕಮ್ಮ ಹಂಡೆಯೊಲೆ ಹಚ್ಚಿದ್ದಳು. “ಹರಳುಕಡ್ಡಿ ಚೆನ್ನಾಗಿ ಒಣಗಿತ್ತಪ್ಪ, ಭಗ್ಗನೆ ಹತ್ತಿಕೊಂತು,” ಅಂದಳು. ಅವಳದೇನು ತಪ್ಪು? ನಮ್ಮ ಕಡೆ ಹರಳುಕಡ್ಡಿ ಇರುವುದೇ ಒಲೆಗಲ್ಲವೆ? ಮರಿಗಳು ಇನ್ನೂ ಒಳಗೇ… ಸೂತಕ ಕಳೆಯಲಿ ಎಂದು ಆ ನೀರನ್ನೇ ನಾನೂ ಮೈಮೇಲೆ ಹುಯ್ದುಕೊಂಡೆ.

ಈ ಸಲ ಹೊಸ ಕಂತೆ ಕಟ್ಟಿದೆ. ಹಿತ್ತಲ ತೊಗರಿ ಹೂ ಬಿಟ್ಟಿದೆ. ಹುಳ ಬಂದವು ಎಂದು ನಿನಗೆ ಸುಳ್ಳು ಬರೆಯಲಾರೆ. ಒಂದೂ ಬಂದಿಲ್ಲ. ಬೇಸತ್ತು, ಚಿಕ್ಕಜಾಜೂರಿಗೆ ಹೋಗಿ ಯಾವುದಾದರೂ ರೈಲು ಹತ್ತೋಣ ಎಂದು ಚೀಲ ತುಂಬಿಟ್ಟಿದ್ದೂ ನಿಜ.

ನಿನ್ನೆ ಬೆಳಿಗ್ಗೆ ಮಾವ ಆ ಕಂತೆಯೆದುರು ನಿಂತಿದ್ದರು. “ಪಡುವಲಕ್ಕೆ ಕಟ್ಟಿದೀಯಲ್ಲಲೇ. ಅವಳು ಎಳೆಬಿಸಿಲು ಬೀಳಂಗೆ ಮೂಡಲಕ್ಕೆ ಬಾಯಿ ಮಾಡಿ ಕಟ್ಟತಿದ್ಲು. ಸಣ್ಣ ತೂತಿನವು ಮೇಲೆ, ದೊಡ್ಡವು ಕೆಳಗೆ.”

ಮೇಲೆ ಕೆಳಗಿನ ಆ ಲೆಕ್ಕ ನನಗೇ ಗೊತ್ತಿರಲಿಲ್ಲ, ಅತ್ತೆ. ಅವರು ಯಾವಾಗ ನೋಡಿದ್ದರು? ನಿನ್ನ ಕಣ್ಣು ತಪ್ಪಿಸಿ ಎಷ್ಟು ಹೊತ್ತು ನಿಂತಿರುತ್ತಿದ್ದರು? ಏಣಿ ತಂದು ಕಂತೆ ಬಿಚ್ಚಿದೆ. ಅವರು ಒಂದೊಂದೇ ಕಡ್ಡಿಯನ್ನು ಕಣ್ಣಿಗೆ ಹಿಡಿದು ನೋಡಿ, ಆರಿಸಿ ಕೊಟ್ಟರು. ನೀನಿರುವಾಗ ಇದರಲ್ಲಿ ಒಂದು ಮಾತು ನಿನ್ನೆದುರು ಆಡಿದ್ದರೆ…

ಮುಂದಿನ ವರ್ಷದ ತೊಗರಿ ಹೂವಿನವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ.