ಹವಾಲ್ದಾರರ ಮೇಲಿನ ವರದಿ

ಚಿತ್ರದುರ್ಗ
೨೩ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಮೀನಾಕ್ಷಿಗೆ,

ನಿನ್ನ ಕರೀಮುನ್ನೀಸಾಳ ಸಲಾಂ. ನಾವೆಲ್ಲ ಚೆನ್ನಾಗಿದ್ದೇವೆ. ತಾಳ್ಯದಲ್ಲಿ ನೀನು, ನಿನ್ನ ಅತ್ತೆ ಪಾಲಮ್ಮನವರು, ಮಗ ಸುದೀಪ, ನಿನ್ನ ಕುರಿಹಿಂಡು ಎಲ್ಲರೂ ಕ್ಷೇಮ ಎಂದುಕೊಂಡಿದ್ದೇನೆ. ಡಿಸೆಂಬರಿನಲ್ಲಿ ನೀನು ಕಳಿಸಿದ ಕಂಬಳಿ ಕೈ ಸೇರಿ ಮೂರು ತಿಂಗಳಾಯಿತು, ಇವಳು ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ನನಗೆ ಸಲ್ಲಬೇಕಾದದ್ದೇ. ಶಾಲೆಯಲ್ಲಿ ಕ್ರೀಡಾಕೂಟ ಮುಗಿಯುವಷ್ಟರಲ್ಲಿ ಪರೀಕ್ಷೆ ಬಂತು. ನನ್ನಂಥ ಪಿ.ಟಿ. ಮೇಡಂ ಎಂದರೆ ಪರೀಕ್ಷೆಯ ಹೊತ್ತಿನಲ್ಲಿ ಬೆಂಚು ಹಾಕಿಸುವುದಕ್ಕೂ ಅವಳೇ, ಗೇಟು ಕಾಯುವುದಕ್ಕೂ ಅವಳೇ. ಈಗ ರಂಜಾನಿನ ರೋಜಾ ತಿಂಗಳು. ಮಧ್ಯಾಹ್ನ ಒಲೆ ಹಚ್ಚುವ ಕೆಲಸವಿಲ್ಲ, ಅದಕ್ಕೇ ಬರೆಯಲು ಕೂತೆ. ಫೋನು ಮಾಡಬಹುದಿತ್ತು. ಆದರೆ ಈ ವಿಷಯ ಎತ್ತಿದ ತಕ್ಷಣ ನೀನು ಮಾತನ್ನು ಮಳೆ ಬೆಳೆಯ ಕಡೆಗೆ ತಿರುಗಿಸುತ್ತೀಯ.

ವಿಷಯ ಹವಾಲ್ದಾರ್ ಈರಬಸಪ್ಪನವರದ್ದು. ಕಾಲೇಜಿನ ರೈಫಲ್ ತಂಡದಲ್ಲಿ ನಮ್ಮಿಬ್ಬರಿಗೂ ಬಂದೂಕು ಹಿಡಿಯಲು ಕಲಿಸಿದ ಅದೇ ಮನುಷ್ಯ. ಎಪ್ಪತ್ತಮೂರಾಯಿತು, ಮೀಸೆ ಬೆಳ್ಳಗಾಗಿದೆ, ಬಾಯಿ ಮಾತ್ರ ಹಾಗೇ ಇದೆ. ಊರಾಚೆ ಬಂಡೆಗಳ ಮಗ್ಗುಲಲ್ಲಿ ನಮ್ಮದೊಂದು ರೈಫಲ್ ಕ್ಲಬ್ ಇದೆಯಲ್ಲ, ಅಲ್ಲಿಗೆ ಪ್ರತಿ ಭಾನುವಾರ ತುರುವನೂರಿನಿಂದ ಬಸ್ಸು ಹತ್ತಿ ಬಂದು ಕಲಿಸುತ್ತಿದ್ದರು. ಸ್ಪರ್ಧೆಗೆ ಹೋಗುವ ಹುಡುಗಿಯರೂ ಬರುತ್ತಾರೆ, ಬೆಳೆ ಕಾಯಲು ಬಂದೂಕಿನ ಲೈಸೆನ್ಸ್ ಬೇಕಾದ ರೈತರೂ ಬರುತ್ತಾರೆ. ನಾನು ಆ ಕ್ಲಬ್ಬಿನ ಸಮಿತಿಯಲ್ಲಿದ್ದೇನೆ.

ಜನವರಿಯಲ್ಲಿ ನಮ್ಮ ಬೀದಿಯ ಮಾಹೀರಾ ಎಂಬ ಕಾಲೇಜು ಹುಡುಗಿಗೆ ಗುರಿ ಹಿಡಿಯುವಾಗ ಕೈ ನಡುಗಿತಂತೆ. ಹವಾಲ್ದಾರರು ಹನ್ನೆರಡು ಜನರ ಎದುರಿಗೆ, "ಈ ಕೈ ಮೆಹಂದಿ ಹಚ್ಕಳಾಕೆ ಸರಿ ಐತೆ, ಬಂದೂಕು ಕೆಳಗಿಡು" ಎಂದರು. ಅವಳು ಅಳಲಿಲ್ಲ. ಬೋಲ್ಟ್ ಎಳೆದು, ಗುಂಡು ಕೂರುವ ಗೂಡಿಗೆ ಕಿರುಬೆರಳು ಹಾಕಿ ಮುಟ್ಟಿ ನೋಡಿ "ಖಾಲಿ" ಎಂದಳು. ಪಕ್ಕದವಳೂ ಬೆರಳು ಹಾಕಿ ನೋಡಿ "ಖಾಲಿ" ಎನ್ನುವ ತನಕ ಕಾದಳು. ಆಮೇಲೆ ಬಂದೂಕು ಇಟ್ಟು, ಮನೆಗೆ ಹೋಗಿ, ದೂರು ಬರೆದು ಕಳಿಸಿದಳು. ಬಿಟ್ಟುಹೋಗುವಾಗಲೂ ಆ ಮನುಷ್ಯ ಕಲಿಸಿದ ಪಾಠವನ್ನು ಒಂದಿಷ್ಟೂ ತಪ್ಪಿಸಲಿಲ್ಲ ನೋಡು.

ಸಮಿತಿ ಎರಡು ಹೋಳಾಯಿತು. ಅಧ್ಯಕ್ಷ ರಾಜಶೇಖರ್ ಅವರು, ಬಾಯಿ ಕೆಟ್ಟದ್ದು, ಮನಸ್ಸು ಒಳ್ಳೆಯದು ಎಂದರು. ವಕೀಲೆ ದಾಕ್ಷಾಯಿಣಿ, ಮನಸ್ಸು ಯಾರಿಗೂ ಕಾಣುವುದಿಲ್ಲ, ಬಾಯಿ ಎಲ್ಲರಿಗೂ ಕೇಳುತ್ತದೆ, ಕಳಿಸಿಬಿಡಿ ಎಂದಳು. ಕೊನೆಗೆ ವಿಚಾರಿಸಿ ವರದಿ ಕೊಡಲು ನನಗೆ ಹೇಳಿದರು. ಅಲ್ಲಿಯ ತನಕ ಹವಾಲ್ದಾರರು ಬರುವುದು ಬೇಡವೆಂದು ತೀರ್ಮಾನವಾಯಿತು. ನಿಜ ಹೇಳುತ್ತೇನೆ, ವಿಚಾರಿಸುವ ಮುಂಚೆಯೇ ನಾನು ತೀರ್ಪು ಕೊಟ್ಟಾಗಿತ್ತು. ಅವರು ಇರಬೇಕು, ಅಷ್ಟೇ. ನಮ್ಮ ಕಾಲದಲ್ಲಿ ನಾವು ಇದಕ್ಕಿಂತ ಹೆಚ್ಚು ಬೈಸಿಕೊಂಡಿಲ್ಲವೇ ಎಂಬ ಧಿಮಾಕು.

ಫೆಬ್ರವರಿಯಲ್ಲಿ ಅವರ ಬದಲಿಗೆ ಕ್ಲಬ್ಬಿನ ಸದಸ್ಯ ನಾಸಿರ್ ಎಂಬುವನು ಕಲಿಸಿದ. ಬಂಗಾರದಂಥ ಹುಡುಗ, ಎಲ್ಲರನ್ನೂ ಬರ್ರಿ ಕುಂತ್ಕಳ್ರಿ ಎಂದು ಮಾತಾಡಿಸುತ್ತಾನೆ. ಎರಡನೇ ಭಾನುವಾರ ಅವನ ಬ್ಯಾಚಿನಲ್ಲಿ ಒಬ್ಬರು ಬೆರಳು ಹಾಕದೆ ಬರೀ ಬಾಯಲ್ಲಿ "ಖಾಲಿ" ಎಂದರು. ಪಕ್ಕದವರೂ ನಗುತ್ತಾ "ಖಾಲಿ" ಎಂದರು. ಗೂಡಿನಲ್ಲಿ ಗುಂಡಿತ್ತು. ಟ್ರಿಗರಿಗೆ ಬೆರಳು ತಾಗಿ ಅದು ಶೀಟಿನ ಸೂರು ತೂತು ಮಾಡಿಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ನಾಸಿರ್ ನೆಲದ ಮೇಲೆ ಕೂತುಬಿಟ್ಟ, ಬಂದೂಕುಗಳನ್ನೆಲ್ಲ ನಾನೇ ಒಳಗಿಟ್ಟು ಬೀಗ ಹಾಕಿದೆ.

ಇನ್ನೇನು ಬೇಕು ಎಂದು ಎದೆ ಉಬ್ಬಿಸಿಕೊಂಡು ಮಾಹೀರಾಳ ಮನೆಗೆ ಹೋದೆ. ನೋಡಮ್ಮ, ಅವರ ಕೈಯಲ್ಲಿ ಮೂವತ್ತು ವರ್ಷದಲ್ಲಿ ಒಂದು ಗುಂಡೂ ದಾರಿ ತಪ್ಪಿಲ್ಲ, ಅವರು ಬೈದದ್ದಕ್ಕೇ ನಾವು ಕಲಿತೆವು, ಯಾರನ್ನಾದರೂ ಕೇಳು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಮೇಡಂ, ನೀವು ಹೇಳ್ತಿರೋದೆಲ್ಲ ಉಳ್ಕಂಡೋರ ಮಾತು. ಬಿಟ್ಟೋದೋರ್ನ ಯಾರಾದ್ರೂ ಕೇಳೀರಾ?" ಎಂದಳು.

ಒಬ್ಬರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಮರುದಿನವೇ ತುರುವನೂರಿಗೆ ಹೋದೆ. ಹವಾಲ್ದಾರರು ಜಗಲಿಯ ಮೇಲೆ ಶೇಂಗಾ ಬಿಡಿಸುತ್ತಿದ್ದರು. ಸೂರು ತೂತಾದ ಸುದ್ದಿ ಅವರಿಗೂ ಮುಟ್ಟಿತ್ತು. ನಾನಿಲ್ಲದಿದ್ದರೆ ಹೀಗೇ ಎಂದು ಜಂಬ ಪಡುತ್ತಾರೆ ಎಂದುಕೊಂಡಿದ್ದೆ. ಪಡಲಿಲ್ಲ. ಬೆರಳು ಹಾಕಿದ್ದರಾ ಎಂದು ಮಾತ್ರ ಕೇಳಿ, ಇಲ್ಲ ಎಂದಾಗ ತಲೆ ತಗ್ಗಿಸಿದರು. ಬೆರಳು ಹಾಕಿಸಲು ಮೆಹಂದಿಯ ಮಾತು ಯಾಕೆ ಬೇಕಿತ್ತು ಸಾರ್ ಎಂದೆ. "ಬೈದಿದ್ಕೇ ಕಲ್ತೀರಿ ಕಣಮ್ಮ. ಮುದ್ದು ಮಾಡಿದ್ರೆ ಗುಂಡು ಕೇಳ್ತೈತಾ?" ಎಂದರು. ಬಿಟ್ಟುಹೋದವರು ಎಷ್ಟು ಜನ ಎಂದು ಕೇಳಿದೆ. ಅದನ್ನು ಅವರು ಯಾವತ್ತೂ ಯೋಚಿಸಿರಲಿಲ್ಲ. ಎದ್ದುಹೋಗಿ ಶೇಂಗಾ ಸಿಪ್ಪೆಯನ್ನು ಅಂಗಳದ ಮೂಲೆಗೆ ಸುರಿದು ಬಂದರು. ಆಮೇಲೆ ತಾವಾಗಿಯೇ, "ಆ ತಾಳ್ಯದ ಹುಡುಗಿ ಏನಾದ್ಲು? ಅವಳಂಗೆ ಉಸಿರು ಹಿಡ್ದು ಗುರಿ ಇಡೋರು ಆಮ್ಯಾಕೆ ಒಬ್ರೂ ಸಿಗ್ಲಿಲ್ಲ" ಎಂದರು.

ಕೇಳಿದ್ದು ನಿನ್ನ ಬಗ್ಗೆಯೇ ಮೀನಾ; ಹುಟ್ಟಿದೂರಿಗೇ ಸೊಸೆಯಾದ ನಿನ್ನನ್ನು ಊರ ಹೆಸರಿನಿಂದಲೇ ನೆನಪಿಟ್ಟಿದ್ದಾರೆ. ಅವಳಿಗೆ ನೀವು ಏನೆಂದಿರಿ ಎಂದು ನೆನಪಿದೆಯಾ ಸಾರ್ ಎಂದು ಕೇಳಿದೆ. ಇಲ್ಲ ಎಂದರು. ಸುಳ್ಳಲ್ಲ, ನಿಜವಾಗಿಯೂ ನೆನಪಿರಲಿಲ್ಲ. ನನಗೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು.

ಬಸ್ಸಿನಲ್ಲಿ ಬರುವಾಗಲೇ ವರದಿ ತಲೆಯಲ್ಲಿ ಸಿದ್ಧವಾಯಿತು. ಪಾಠ ಬೇರೆ, ಬಾಯಿ ಬೇರೆ. ಅವೆರಡೂ ಒಟ್ಟಿಗೇ ಬರುತ್ತವೆ ಎಂದು ನಂಬಿದ್ದು ಅವರದೂ ತಪ್ಪು, ನಮ್ಮದೂ ತಪ್ಪು. ಬೆರಳು ಹಾಕಿ ಎರಡು ಸಲ "ಖಾಲಿ" ಎನ್ನುವ ಪದ್ಧತಿ ಯಾರು ಕಲಿಸಿದರೂ ಬಿಡಕೂಡದು. ಹವಾಲ್ದಾರರು ನಾಸಿರ್‌ಗೆ ಕಲಿಸಲಿ, ನಾಸಿರ್ ಉಳಿದವರಿಗೆ ಕಲಿಸಲಿ. ಮಾಹೀರಾಳಿಗೆ ಅದೇ ಹನ್ನೆರಡು ಜನರ ಎದುರು ತಪ್ಪಾಯಿತು ಎಂದು ಹೇಳುವ ತನಕ ಅವರು ಹೊಸಬರ ಮುಂದೆ ನಿಲ್ಲಕೂಡದು. ಇದು ನನ್ನ ತೀರ್ಮಾನ, ಇದರಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಏಪ್ರಿಲ್ ಆರಕ್ಕೆ ಸಮಿತಿ ಸೇರುತ್ತದೆ.

ಒಂದು ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ. "ಬಿಟ್ಟುಹೋದವರ ಅಭಿಪ್ರಾಯ" ಎಂದು ಬರೆದು ಮುಂದೆ ಜಾಗ ಇಟ್ಟಿದ್ದೇನೆ. ಅದನ್ನು ನೀನು ತುಂಬಿಸಬೇಕು. ಬೈಯಬೇಕೆನಿಸಿದರೆ ಬೈ, ಹಾಗೇ ಬರೆಯುತ್ತೇನೆ. ರಂಜಾನ್ ಹಬ್ಬಕ್ಕೆ ಬಂದರೆ ಇನ್ನೂ ಒಳ್ಳೆಯದು. ಹೊಳಲ್ಕೆರೆಯಿಂದ ಬಸ್ಸು ಹತ್ತು, ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಪಾಲಮ್ಮನವರಿಗೆ ನನ್ನ ಸಲಾಂ ತಿಳಿಸು. ಸುದೀಪನಿಗೆ ಆಶೀರ್ವಾದ, ಅವನು ಕೈಯಿಟ್ಟದ್ದೆಲ್ಲ ಕೂಡಿಬರಲಿ. ಅಲ್ಲಾಹ್ ನಿನ್ನ ಮನೆಯನ್ನೂ ಮಂದೆಯನ್ನೂ ಚೆನ್ನಾಗಿಟ್ಟಿರಲಿ.

ಎಂದೆಂದಿಗೂ ನಿನ್ನ ಗೆಳತಿ,
ಕರೀಮುನ್ನೀಸಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ಪತ್ರ ತಡವಾದದ್ದಕ್ಕೆ ಪರೀಕ್ಷೆ ಕಾರಣವಲ್ಲ. ನಿನ್ನ ಕಂಬಳಿ ಬಿಚ್ಚಿದಾಗ ಉಣ್ಣೆಯ ವಾಸನೆ ಬಂತು, ಆ ದಿನ ಕಣ್ಣಮುಂದೆ ನಿಂತಿತು. ಹವಾಲ್ದಾರರು ನಿನ್ನ ರೈಫಲ್ ಎತ್ತಿ ಮೂಸಿ, "ಎಣ್ಣೆ ವಾಸ್ನೆ ಬರ್ಬೇಕು, ಕುರಿ ವಾಸ್ನೆ ಬರ್ತೈತೆ" ಎಂದರಲ್ಲ, ಆಗ ಎಲ್ಲರಿಗಿಂತ ಮೊದಲು ನಕ್ಕವಳು ನಾನು. ನಾನು ನಕ್ಕಮೇಲೆ ಉಳಿದವರು ನಕ್ಕರು. ನೀನು ಅವರ ಕಡೆ ನೋಡಲೇ ಇಲ್ಲ, ನನ್ನ ಕಡೆ ನೋಡಿದೆ. ಮರುವಾರದಿಂದ ನೀನು ಬರಲಿಲ್ಲ. ರಾಜ್ಯ ಸ್ಪರ್ಧೆಗೆ ನಿನ್ನ ಜಾಗದಲ್ಲಿ ನಾನು ಹೋದೆ, ಆ ಪದಕದಿಂದಲೇ ನನಗೆ ಈ ಕೆಲಸ ಸಿಕ್ಕಿತು. ಮೀನಾಕ್ಷಿಯನ್ನು ಮನೆಯವರು ಬಿಡಿಸಿದರು ಎಂದು ಮೂವತ್ತೊಂದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ನೀನೂ ಇಲ್ಲ ಎನ್ನಲಿಲ್ಲ. ಆ ಖಾಲಿ ಸಾಲಿನಲ್ಲಿ ನಿನ್ನ ಅಭಿಪ್ರಾಯ ಬರೆಯುವಾಗ, ಅವರ ಬಗ್ಗೆ ಬರೆಯಬೇಕೋ ನನ್ನ ಬಗ್ಗೆ ಬರೆಯಬೇಕೋ, ನೀನೇ ತೀರ್ಮಾನ ಮಾಡು. ಯಾರ ಬಗ್ಗೆಯಾದರೂ ಸರಿ, ಸಮಿತಿಯ ಮುಂದೆ ನಾನೇ ನಿಂತು ಓದುತ್ತೇನೆ.